ಅಂಜಲ್‌ನಲ್ಲಿ ಪಾದರಸ ಎಷ್ಟು? ಮೀನು ಮಾರ್ಕೆಟ್‌ನಲ್ಲೇ ಬರೆದು ಹಾಕಿ

ಮೀನುಗಾರಿಕೆ ಇಲಾಖೆಯ ನಿರ್ದೇಶಕರಿಗೆ ಮತ್ತು ಆಹಾರ ಸುರಕ್ಷತಾ ಆಯುಕ್ತರಿಗೆ,
ಕರ್ನಾಟಕ ಸರ್ಕಾರ

ಮಾನ್ಯರೇ,

ನಮ್ಮ ಕರಾವಳಿಯ ಮನೆಗಳಲ್ಲಿ ಮಗಳೋ ಸೊಸೆಯೋ ಬಸುರಿ ಅಂತ ಗೊತ್ತಾದರೆ ಮೀನಿನ ಖರ್ಚು ಜಾಸ್ತಿಯಾಗುತ್ತದೆ. ದಿನಾ ಬೂತಾಯಿ, ಬಂಗುಡೆ ತರುತ್ತಿದ್ದವರು ಕೈ ಬಿಚ್ಚಿ ಅಂಜಲ್ ತರುತ್ತಾರೆ. ಹೆರಿಗೆಯಾದ ಮೇಲೆ ಎದೆಹಾಲು ಹೆಚ್ಚಲಿ ಅಂತ ಮರಿ ತಾಟೆ (ಶಾರ್ಕ್) ಹುಡುಕಿಕೊಂಡು ಹೋಗುವವರೂ ಇದ್ದಾರೆ. ಎಲ್ಲಾ ಪ್ರೀತಿಯಿಂದಲೇ. ಆದರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ಕೆಡುಕು ಮಾಡುವ ಪಾದರಸದ ಲೆಕ್ಕ ಹಿಡಿದು ನೋಡಿದರೆ ಈ ಉಪಚಾರ ಪೂರ್ತಿ ತಲೆಕೆಳಗಾಗಿದೆ. ಅಗ್ಗದ ಬೂತಾಯಿಯೇ ಬಸುರಿಗೆ ಒಳ್ಳೆಯದು. ಅಂಜಲ್, ಕೇದರ (ಟ್ಯೂನಾ), ತಾಟೆಯಂಥ ದೊಡ್ಡ ಮೀನುಗಳಲ್ಲೇ ಪಾದರಸ ಹೆಚ್ಚು ಸೇರುವುದು. ಮಾಂಜಿ, ಸಿಗಡಿ ದುಬಾರಿಯಾದರೂ ಆ ಸಾಲಿಗೆ ಬರುವುದಿಲ್ಲ. ಇಲ್ಲಿ ಮುಖ್ಯ ಬೆಲೆ ಅಲ್ಲ, ಆ ಮೀನು ಕಡಲಲ್ಲಿ ಏನು ತಿಂದು ಬೆಳೆದಿದೆ ಅನ್ನುವುದು.

ನಾನು ಉಡುಪಿ ಜಿಲ್ಲೆಯವಳು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮೀನು ತಿನ್ನುವುದು ಬಿಡಿ ಅಂತ ಯಾರಾದರೂ ಹೇಳಿದರೆ ಮೊದಲು ಜಗಳಕ್ಕೆ ಹೋಗುವವಳು ನಾನೇ. ನಿಮ್ಮಲ್ಲಿ ನಾನು ಕೇಳುವುದು ಇಷ್ಟೇ. ನಮ್ಮ ಮಾರ್ಕೆಟ್‌ಗೆ ಬರುವ ಒಂದೊಂದು ಜಾತಿಯ ಮೀನಿನಲ್ಲೂ ಪಾದರಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಆ ಅಂಕಿಯನ್ನು ಮೀನಿನ ಹೆಸರಿನ ಜೊತೆ, ಕೊಳ್ಳುವವರಿಗೆ ಕಾಣುವ ಹಾಗೆ ಹಾಕಿ. ಬಸುರಿಯರಿಗೆ ಮೊದಲು ತಿಳಿಸಿ.

ಯಾಕೆ ಕೇಳುತ್ತಿದ್ದೇನೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕಡಲ ನೀರಿನಲ್ಲಿ ಪಾದರಸ ಇರುವುದು ತೀರಾ ಕಡಿಮೆ. ನಡುಗಡಲಿನ ಒಂದು ಲೀಟರ್ ನೀರಿನಲ್ಲಿ ಸಾಮಾನ್ಯವಾಗಿ ಒಂದು ನ್ಯಾನೋಗ್ರಾಂ ಕೂಡ ಇರುವುದಿಲ್ಲ. ನ್ಯಾನೋಗ್ರಾಂ ಅಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಆ ನೀರು ಕುಡಿದರೂ ಪಾದರಸದಿಂದ ಏನೂ ಆಗದು. ತೊಂದರೆ ಶುರುವಾಗುವುದು ಆಮ್ಲಜನಕ ಕಡಿಮೆ ಇರುವ ಕೆಸರಿನಲ್ಲಿ ಮತ್ತು ನೀರಿನ ಕೆಲವು ಪದರಗಳಲ್ಲಿ. ಅಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಸಾದಾ ಪಾದರಸವನ್ನು ಮಿಥೈಲ್ ಪಾದರಸವಾಗಿ ಬದಲಾಯಿಸುತ್ತವೆ. ಈ ಕೆಲಸಕ್ಕೆ ಬೇಕಾದ ಎರಡು ಜೀನ್‌ಗಳು ಯಾವುವು ಅಂತ ವಿಜ್ಞಾನಿಗಳಿಗೆ ತಿಳಿದದ್ದು 2013ರಲ್ಲಿ. ಸಾದಾ ಪಾದರಸ ಹೊಟ್ಟೆಗೆ ಹೋದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಮಿಥೈಲ್ ಪಾದರಸ ಹಾಗಲ್ಲ. ಅದು ಪ್ರೋಟೀನಿಗೆ ಅಂಟಿಕೊಂಡು ಮಾಂಸದಲ್ಲೇ ಉಳಿಯುತ್ತದೆ.

ಪಾದರಸದ ಅತಿ ದೊಡ್ಡ ಜಿಗಿತ ಆಹಾರ ಸರಪಳಿಯ ಮೊದಲ ಮೆಟ್ಟಿಲಲ್ಲೇ ಆಗುತ್ತದೆ. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿ, ಅಂದರೆ ಸಸ್ಯ ಪ್ಲಾಂಕ್ಟನ್, ತನ್ನ ಸುತ್ತಲಿನ ನೀರಿಗಿಂತ ಹತ್ತಾರು ಸಾವಿರ ಪಟ್ಟು, ಕೆಲವೊಮ್ಮೆ ಲಕ್ಷ ಪಟ್ಟು ಹೆಚ್ಚು ಮಿಥೈಲ್ ಪಾದರಸವನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಅದನ್ನು ಪ್ರಾಣಿ ಪ್ಲಾಂಕ್ಟನ್ ತಿನ್ನುತ್ತದೆ. ಅದನ್ನು ಕೊಲ್ಲತ್ತರು, ಬೂತಾಯಿಯಂಥ ಸಣ್ಣ ಮೀನುಗಳು ತಿನ್ನುತ್ತವೆ. ಅವನ್ನು ಅಂಜಲ್ ಅಟ್ಟಿಸಿಕೊಂಡು ಹೋಗಿ ತಿನ್ನುತ್ತದೆ. ಅದಕ್ಕೂ ಮೇಲೆ ದೊಡ್ಡ ತಾಟೆ ಇದೆ. ಪ್ರತಿ ಮೆಟ್ಟಿಲು ಹತ್ತಿದಾಗಲೂ ಪಾದರಸ ಕೆಲವು ಪಟ್ಟು ಹೆಚ್ಚುತ್ತದೆ. ತುದಿಯ ಮೀನಿನ ಮಾಂಸದಲ್ಲಿ ಅದು ನೀರಿಗಿಂತ ಹತ್ತು ಲಕ್ಷ ಪಟ್ಟು, ಅದಕ್ಕೂ ಹೆಚ್ಚು ಇರಬಹುದು. ಮೀನಿನ ವಯಸ್ಸೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತಿಂದ ಪಾದರಸವನ್ನು ಹೊರಹಾಕಲು ಮೀನಿಗೆ ತುಂಬಾ ನಿಧಾನ, ವರ್ಷಗಟ್ಟಲೆ ಬೇಕು. ಹಾಗಾಗಿ ಒಂದೇ ಜಾತಿಯಲ್ಲೂ ಎರಡು ಕೆಜಿಯ ಅಂಜಲ್‌ಗಿಂತ ಹತ್ತು ಕೆಜಿಯ ಅಂಜಲ್‌ನಲ್ಲಿ ಕೆಜಿವಾರು ಲೆಕ್ಕದಲ್ಲೇ ಜಾಸ್ತಿ ಇರುತ್ತದೆ.

ಇದೇ ತತ್ವವನ್ನು ಡಿಡಿಟಿ ಅನ್ನುವ ಕೀಟನಾಶಕದ ಉದಾಹರಣೆ ಕೊಟ್ಟು ದ್ವಿತೀಯ ಪಿಯುಸಿ ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಎನ್‌ಸಿಇಆರ್‌ಟಿ ಪುಸ್ತಕದ ಆ ಚಿತ್ರ ಅನೇಕರಿಗೆ ನೆನಪಿರಬಹುದು. ನೀರಿನಲ್ಲಿ 0.003 ಪಿಪಿಬಿ ಇದ್ದದ್ದು ಮೀನು ತಿನ್ನುವ ಹಕ್ಕಿಯಲ್ಲಿ 25 ಪಿಪಿಎಂ ಆಗುತ್ತದೆ. (ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ಅಂದರೆ ಕೆಜಿಗೆ ಒಂದು ಮಿಲಿಗ್ರಾಂ. ಪಿಪಿಬಿ ಅದರ ಸಾವಿರದಲ್ಲಿ ಒಂದು ಪಾಲು.) ಪಠ್ಯ ಕಡಿಮೆ ಮಾಡುವ ಭರಾಟೆಯಲ್ಲಿ ಆ ಇಡೀ ಅಧ್ಯಾಯವನ್ನೇ ಕೈಬಿಟ್ಟರು. ಅದು ಬೇರೆ ಜಗಳ, ಇಲ್ಲಿ ಬೇಡ. ಆದರೆ ಡಿಡಿಟಿಗೂ ಪಾದರಸಕ್ಕೂ ಅಡುಗೆಮನೆಯಲ್ಲಿ ಒಂದು ವ್ಯತ್ಯಾಸ ಇದೆ. ಡಿಡಿಟಿ, ಪಿಸಿಬಿಯಂಥ ರಾಸಾಯನಿಕಗಳು ಕೊಬ್ಬಿನಲ್ಲಿ ಕೂತಿರುತ್ತವೆ. ಚರ್ಮ, ಕೊಬ್ಬು ತೆಗೆದರೆ ಸ್ವಲ್ಪ ಕಡಿಮೆಯಾಗುತ್ತವೆ. ಬೊಂಡಾಸ್‌ನಲ್ಲಿ (ಸ್ಕ್ವಿಡ್) ಕ್ಯಾಡ್ಮಿಯಂ ಅನ್ನುವ ವಿಷಲೋಹ ಹೆಚ್ಚಾಗಿ ಇರುವುದು ಒಳಗಿನ ಅಂಗಗಳಲ್ಲಿ. ಸರಿಯಾಗಿ ಕ್ಲೀನ್ ಮಾಡಿದರೆ ಬಹುಪಾಲು ಹೋಗುತ್ತದೆ. ಮಿಥೈಲ್ ಪಾದರಸ ಮಾಂಸದಲ್ಲೇ ಇರುತ್ತದೆ. ಹುಳಿ ಹಾಕಿ ಕುದಿಸಿ, ರವೆ ಹಚ್ಚಿ ಕಾಯಿಸಿ, ಉಪ್ಪು ಹಾಕಿ ಒಣಗಿಸಿ, ಅದು ಜಾಗ ಬಿಟ್ಟು ಕದಲುವುದಿಲ್ಲ. ಅಡುಗೆ ಮಾಡುವವರ ಕೈಯಲ್ಲಿ ಉಳಿದಿರುವುದು ಒಂದೇ ದಾರಿ, ಯಾವ ಮೀನು ತರಬೇಕು ಅನ್ನುವ ಆಯ್ಕೆ. ಆ ಆಯ್ಕೆಗೆ ಬೇಕಾದ ಮಾಹಿತಿ ಕೊಡುವುದು ನಿಮ್ಮ ಕೈಯಲ್ಲಿದೆ.

ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಇಂಥ ಪಟ್ಟಿಯನ್ನು ಎಷ್ಟೋ ವರ್ಷಗಳಿಂದ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದೆ. ಸಾರ್ಡೀನ್, ಅಂದರೆ ನಮ್ಮ ಬೂತಾಯಿಯ ಬಳಗದಲ್ಲಿ, ಸರಾಸರಿ 0.013 ಪಿಪಿಎಂ. ಸಿಗಡಿಯಲ್ಲಿ 0.009. ಯೆಲ್ಲೋಫಿನ್ ಟ್ಯೂನಾದಲ್ಲಿ 0.354. ನಮ್ಮ ಅಂಜಲ್‌ನದೇ ಕುಲಕ್ಕೆ ಸೇರಿದ ಅಲ್ಲಿಯ ಕಿಂಗ್ ಮ್ಯಾಕೆರೆಲ್‌ನಲ್ಲಿ 0.73. ತಾಟೆಯಲ್ಲಿ 0.979. ಬೂತಾಯಿಗೂ ತಾಟೆಗೂ ಎಪ್ಪತ್ತು ಪಟ್ಟಿಗಿಂತ ಹೆಚ್ಚು ಅಂತರ! ಕಿಂಗ್ ಮ್ಯಾಕೆರೆಲ್, ತಾಟೆ, ಕತ್ತಿಮೀನು ಬೇಡವೇ ಬೇಡ ಅಂತ ಅಲ್ಲಿಯ ಬಸುರಿಯರಿಗೆ ಸರ್ಕಾರವೇ ಹೇಳುತ್ತದೆ. ಅದೇ ಉಸಿರಿನಲ್ಲಿ, ಪಾದರಸ ಕಡಿಮೆ ಇರುವ ಮೀನನ್ನು ವಾರಕ್ಕೆ ಎರಡು ಮೂರು ಸಲ ತಿನ್ನಿ ಅಂತಲೂ ಹೇಳುತ್ತದೆ. ಇವು ಅಲ್ಲಿಯ ಕಡಲಿನ ಅಂಕಿಗಳು. ಅರಬ್ಬೀ ಸಮುದ್ರದ ಅಂಜಲ್‌ಗೆ ಅವನ್ನು ಸುಮ್ನೆ ಅಂಟಿಸಲಾಗದು. ಅದಕ್ಕೇ ನಮ್ಮದೇ ಅಂಕಿ ಬೇಕು ಅನ್ನುತ್ತಿರುವುದು.

"ಮಿತಿ ಇದೆಯಲ್ಲ, ಎಫ್‌ಎಸ್‌ಎಸ್‌ಎಐ ನಿಯಮ ಇದೆಯಲ್ಲ" ಅಂತ ನಿಮ್ಮ ಕಚೇರಿಯವರು ಹೇಳಬಹುದು. ಹೌದು, ಇದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಆ ನಿಯಮದಲ್ಲಿ ಸಾಮಾನ್ಯ ಮೀನಿಗೆ ಕೆಜಿಗೆ 0.5 ಮಿಲಿಗ್ರಾಂ. ಟ್ಯೂನಾ, ತಾಟೆಯಂಥ ಬೇಟೆ ಮೀನುಗಳಿಗೆ 1.0 ಮಿಲಿಗ್ರಾಂ. ಆದರೆ ಆ ಮಿತಿ ಇರುವುದು ಮಾರಾಟಕ್ಕೆ. ಯಾರು ಎಷ್ಟು ತಿನ್ನಬಹುದು ಅಂತ ಅದು ಹೇಳುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞ ಸಮಿತಿ 2003ರಲ್ಲಿ ಹೇಳಿದ ಮಿತಿ, ದೇಹದ ತೂಕದ ಪ್ರತಿ ಕೆಜಿಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮಿಥೈಲ್ ಪಾದರಸ. ಮೈಕ್ರೋಗ್ರಾಂ ಅಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ಹೊಟ್ಟೆಯಲ್ಲಿರುವ ಮಗುವನ್ನು ಗಮನದಲ್ಲಿ ಇಟ್ಟುಕೊಂಡೇ ಆ ಅಂಕಿ ಮಾಡಿದ್ದು. 55 ಕೆಜಿ ತೂಕದ ಹೆಂಗಸಿಗೆ ವಾರಕ್ಕೆ 88 ಮೈಕ್ರೋಗ್ರಾಂ ಆಯಿತು. ದೊಡ್ಡ ಬೇಟೆ ಮೀನುಗಳಲ್ಲಿರುವ ಪಾದರಸ ಹೆಚ್ಚುಕಡಿಮೆ ಪೂರ್ತಿ ಮಿಥೈಲ್ ರೂಪದಲ್ಲೇ ಇರುತ್ತದೆ. 0.9 ಪಿಪಿಎಂ ಇರುವ ತಾಟೆ ಕಾನೂನಿನ ಪ್ರಕಾರ ಮಾರಬಹುದಾದ ಮೀನು. ಅದರ 100 ಗ್ರಾಂ ತಿಂದರೆ 90 ಮೈಕ್ರೋಗ್ರಾಂ. ಒಂದೇ ಊಟಕ್ಕೆ ವಾರದ ಲೆಕ್ಕ ಮುಗಿಯಿತು. 0.05 ಪಿಪಿಎಂ ಇರುವ ಮೀನಾದರೆ ಅದೇ ಹೆಂಗಸು ವಾರಕ್ಕೆ ಒಂದೂಮುಕ್ಕಾಲು ಕೆಜಿ ತಿನ್ನಬಹುದು. ಎರಡಕ್ಕೂ ಮಾರ್ಕೆಟ್‌ನಲ್ಲಿ ಪರವಾನಗಿ ಒಂದೇ. ಬುಟ್ಟಿಯ ಮುಂದೆ ಕೂತ ಅಕ್ಕನಿಗೂ ಈ ವ್ಯತ್ಯಾಸ ಗೊತ್ತಿಲ್ಲ, ಕೊಳ್ಳುವವರಿಗೂ ಗೊತ್ತಿಲ್ಲ.

ಇನ್ನು ಮಿನಮಾಟಾ. ಜಪಾನಿನ ಆ ಊರಿನ ಕಥೆಯನ್ನು ಕಾರ್ಖಾನೆಯ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ಚಿಸ್ಸೋ ಕಂಪನಿ 1932ರಿಂದ 1968ರವರೆಗೆ ಪಾದರಸ ಬೆರೆತ ನೀರನ್ನು ಕಡಲಿಗೆ ಬಿಟ್ಟಿತು. ಆ ಕಡಲಿನ ಮೀನು ತಿಂದ ಬೆಕ್ಕುಗಳು ಕುಣಿದು ಕುಣಿದು ಸತ್ತವು. 1956ರ ಏಪ್ರಿಲ್‌ನಲ್ಲಿ ಐದು ವರ್ಷದ ಒಂದು ಹುಡುಗಿಯನ್ನು ನಡೆಯಲಾಗದ, ಮಾತಾಡಲಾಗದ ಸ್ಥಿತಿಯಲ್ಲಿ ಆ ಕಂಪನಿಯದೇ ಆಸ್ಪತ್ರೆಗೆ ತಂದರು. ಮೇ 1ರಂದು ಆಸ್ಪತ್ರೆಯವರು ಗೊತ್ತಿಲ್ಲದ ಕಾಯಿಲೆ ಅಂತ ವರದಿ ಮಾಡಿದರು. ಇಷ್ಟು ಎಲ್ಲಾ ಕಡೆ ಸಿಗುತ್ತದೆ. ನಿಮ್ಮಂಥ ಅಧಿಕಾರಿಗಳು ಓದಬೇಕಾದ ಭಾಗ ಇದಕ್ಕಿಂತ ಮುಂದಿದೆ.

1957ರ ಹೊತ್ತಿಗೆ, ಕೊಲ್ಲಿಯ ಮೀನು ತಿಂದವರಿಗೇ ಕಾಯಿಲೆ ಬರುತ್ತಿದೆ ಅಂತ ಸ್ಥಳೀಯ ಅಧಿಕಾರಿಗಳಿಗೆ ಗೊತ್ತಾಗಿತ್ತು. ಯಾವ ವಿಷ ಅಂತ ತಿಳಿದಿರಲಿಲ್ಲ, ಅಷ್ಟೇ. ಕುಮಾಮೊಟೊ ಪ್ರಾಂತ್ಯದ ಆಡಳಿತ ಆಹಾರ ನೈರ್ಮಲ್ಯ ಕಾಯ್ದೆಯ ಅಡಿ ಆ ಮೀನನ್ನು ನಿಷೇಧಿಸಬಹುದೇ ಅಂತ ಟೋಕಿಯೋದ ಆರೋಗ್ಯ ಸಚಿವಾಲಯವನ್ನು ಕೇಳಿತು. ಸೆಪ್ಟೆಂಬರ್‌ನಲ್ಲಿ ಉತ್ತರ ಬಂತು. ಕೊಲ್ಲಿಯ ಎಲ್ಲಾ ಮೀನು, ಚಿಪ್ಪುಗಳಿಗೂ ವಿಷ ತಗುಲಿದೆ ಅನ್ನುವುದಕ್ಕೆ ಸ್ಪಷ್ಟ ಪುರಾವೆ ಇಲ್ಲ, ಹಾಗಾಗಿ ಕಾಯ್ದೆ ಅನ್ವಯಿಸುವುದಿಲ್ಲ ಅಂತ. ಎಲ್ಲಾ ಮೀನಿಗೂ ಪುರಾವೆ! ಒಂದು ಕಡಲಿನ ಒಂದೊಂದು ಮೀನನ್ನೂ ಪರೀಕ್ಷೆ ಮಾಡಿ ಯಾರು ತರುತ್ತಾರೆ? ಆ ಕಾಗದ ಬಂದ ಮೇಲೂ ಜನ ಮೀನು ಹಿಡಿದರು, ತಿಂದರು. 1958ರಲ್ಲಿ ಕಂಪನಿ ಕೊಳಚೆಯ ದಾರಿಯನ್ನು ನದಿಯ ಬಾಯಿಗೆ ತಿರುಗಿಸಿತು. ಅಲ್ಲಿಯ ದಂಡೆಯಲ್ಲೂ ಹೊಸ ರೋಗಿಗಳು ಕಾಣಿಸಿಕೊಂಡರು. 1959ರಲ್ಲಿ ಕಂಪನಿಯ ಆಸ್ಪತ್ರೆಯ ಡಾಕ್ಟರ್ ಹಾಜಿಮೆ ಹೊಸೊಕಾವಾ ಕಾರ್ಖಾನೆಯ ಕೊಳಚೆಯನ್ನು ಊಟದಲ್ಲಿ ಬೆರೆಸಿ ಬೆಕ್ಕಿಗೆ ಕೊಟ್ಟು ನೋಡಿದರು. 400ನೇ ನಂಬರಿನ ಆ ಬೆಕ್ಕಿಗೆ ಅದೇ ಕಾಯಿಲೆ ಬಂತು. ಕಂಪನಿ ಅದನ್ನು ಮುಚ್ಚಿಟ್ಟಿತು. ಕಾರಣ ಕಂಪನಿಯೇ ಅಂತ ಸರ್ಕಾರ ಒಪ್ಪಿಕೊಂಡದ್ದು 1968ರ ಸೆಪ್ಟೆಂಬರ್‌ನಲ್ಲಿ, ಪಾದರಸ ಬಳಸುವ ಆ ಘಟಕ ನಿಂತು ಕೆಲವು ತಿಂಗಳಾದ ಮೇಲೆ. ಅಧಿಕೃತವಾಗಿ ಗುರುತಿಸಲಾದ ರೋಗಿಗಳೇ 2,200ಕ್ಕೂ ಹೆಚ್ಚು.

ಬಸುರಿಯರ ವಿಷಯ ಮೊದಲು ಅನ್ನುವುದಕ್ಕೂ ಕಾರಣ ಅಲ್ಲೇ ಸಿಗುತ್ತದೆ. ತಾಯಿಯ ಮಾಸು ಮಗುವನ್ನು ವಿಷದಿಂದ ಕಾಪಾಡುತ್ತದೆ ಅಂತ ಆ ಕಾಲದ ವೈದ್ಯರು ನಂಬಿದ್ದರು. ಮಿನಮಾಟಾದಲ್ಲಿ ಅದು ಸುಳ್ಳಾಯಿತು. ತಾಯಂದಿರು ಮೇಲ್ನೋಟಕ್ಕೆ ಬಹುಮಟ್ಟಿಗೆ ಚೆನ್ನಾಗಿಯೇ ಇದ್ದರು, ಹುಟ್ಟಿದ ಮಕ್ಕಳ ಮೆದುಳು ಹಾಳಾಗಿತ್ತು. ಮಿಥೈಲ್ ಪಾದರಸ ಮಾಸನ್ನು ದಾಟುತ್ತದೆ. ಮಗುವಿನ ರಕ್ತದಲ್ಲಿ ತಾಯಿಯ ರಕ್ತಕ್ಕಿಂತ ಹೆಚ್ಚೇ ಸೇರುತ್ತದೆ. ಎದೆಹಾಲಿನಲ್ಲಿ ಹೋಗುವುದು ಅದಕ್ಕಿಂತ ಕಡಿಮೆ. ಅಂದರೆ ಬಾಣಂತಿಯ ತಾಟೆಗಿಂತ ಬಸುರಿಯ ಅಂಜಲ್ ಬಗ್ಗೆ ನಾವು ಹೆಚ್ಚು ಯೋಚನೆ ಮಾಡಬೇಕು.

ನಮ್ಮ ಕಡಲು ಮಿನಮಾಟಾ ಅಲ್ಲ. ಇಲ್ಲೂ ಹಾಗೇ ಆಗುತ್ತದೆ ಅಂತ ಹೇಳಿ ಗಾಬರಿ ಹುಟ್ಟಿಸುವುದು ತಪ್ಪು. ನಮ್ಮ ಪರಿಸ್ಥಿತಿಗೆ ಹತ್ತಿರದ ಉದಾಹರಣೆ ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳದ್ದು. ಅಲ್ಲಿ ಕಾರ್ಖಾನೆಯ ಕೊಳಚೆ ಇರಲಿಲ್ಲ. ಜನ ತಲತಲಾಂತರದಿಂದ ಪೈಲಟ್ ತಿಮಿಂಗಿಲದ ಮಾಂಸ ತಿನ್ನುತ್ತಿದ್ದರು. 1986 ಮತ್ತು 87ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ವಿಜ್ಞಾನಿಗಳು ವರ್ಷಗಟ್ಟಲೆ ಗಮನಿಸಿದರು. ತಾಯಿಗೆ ಪಾದರಸ ಹೆಚ್ಚು ಹೋಗಿದ್ದ ಮಕ್ಕಳಲ್ಲಿ ನೆನಪು, ಗಮನ, ಭಾಷೆಯ ಪರೀಕ್ಷೆಗಳಲ್ಲಿ ಸಣ್ಣದಾದರೂ ಅಳೆಯಬಹುದಾದ ಹಿನ್ನಡೆ ಕಂಡಿತು. ಯಾರಿಗೂ ರೋಗ ಬಂದಂತೆ ಕಾಣಲಿಲ್ಲ. 2008ರಲ್ಲಿ ಅಲ್ಲಿಯ ಮುಖ್ಯ ವೈದ್ಯಾಧಿಕಾರಿಗಳು ಈ ಮಾಂಸ ಇನ್ನು ಮನುಷ್ಯರು ತಿನ್ನುವುದು ಬೇಡ ಅಂತ ಸಲಹೆ ಕೊಟ್ಟರು. ಇನ್ನೊಂದು ಕಡೆ ಹಿಂದೂ ಮಹಾಸಾಗರದ ದ್ವೀಪ ದೇಶ ಸೇಶೆಲ್ಸ್ ಇದೆ. ಅಲ್ಲಿಯವರು ನಮ್ಮ ಹಾಗೆ ದಿನಾ ಕಡಲ ಮೀನು ತಿನ್ನುವವರು. ಅಲ್ಲಿಯ ಮಕ್ಕಳಲ್ಲಿ ಅಂಥ ಸ್ಪಷ್ಟ ಹಿನ್ನಡೆ ಕಾಣಲಿಲ್ಲ. ಮೀನಿನಲ್ಲಿರುವ ಒಮೆಗಾ-3ಯಂಥ ಒಳ್ಳೆಯ ಅಂಶಗಳೂ ಮಗುವಿನ ಮೆದುಳಿಗೆ ಬೇಕು ಅನ್ನುವುದು ಇಂಥ ಅಧ್ಯಯನಗಳಿಂದ ಗಟ್ಟಿಯಾಯಿತು. ಬಸುರಿ ಮೀನನ್ನೇ ಬಿಟ್ಟುಬಿಟ್ಟರೆ ಅದೂ ನಷ್ಟವೇ. ಅದಕ್ಕೇ ಸಲಹೆ ಜಾತಿವಾರು ಇರಬೇಕು. "ಮೀನಿನಲ್ಲಿ ವಿಷ" ಅನ್ನುವ ಒಂದು ಸಾಲು ವಾಟ್ಸಾಪ್‌ನಲ್ಲಿ ಹೊರಟರೆ ಜನ ಬಂಗುಡೆ ಬಿಟ್ಟು ಕೋಳಿ ಹಿಡಿಯುತ್ತಾರೆ.

ಪಾದರಸ ಎಲ್ಲಿಂದ ಬರುತ್ತದೆ? ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2015ರಲ್ಲಿ ಮನುಷ್ಯರಿಂದ ಗಾಳಿಗೆ ಸೇರಿದ್ದು ಸುಮಾರು 2,220 ಟನ್. ಸಣ್ಣ ಪ್ರಮಾಣದ ಚಿನ್ನದ ಗಣಿಗಳದ್ದು ಮೊದಲ ಸ್ಥಾನ, ಕಲ್ಲಿದ್ದಲು ಸುಡುವುದು ನಂತರದ್ದು. ಗಾಳಿಗೆ ಸೇರಿದ ಪಾದರಸ ತಿಂಗಳುಗಟ್ಟಲೆ ಭೂಮಿಯನ್ನು ಸುತ್ತಿ ಎಲ್ಲೋ ಇಳಿಯುತ್ತದೆ. ಹಾಗಾಗಿ ಯೆಲ್ಲೂರಿನ 1,200 ಮೆಗಾವಾಟ್ ಕಲ್ಲಿದ್ದಲು ಸ್ಥಾವರದ ಹೊಗೆಯೇ ಮಲ್ಪೆಯ ಅಂಜಲ್‌ಗೆ ಬಂತು ಅಂತ ಬೆರಳು ತೋರಿಸುವುದು ಸರಿಯಲ್ಲ. ಕಾರವಾರದ ಕಥೆ ಸ್ವಲ್ಪ ಬೇರೆ. ಅಲ್ಲಿಯ ಕಾಸ್ಟಿಕ್ ಸೋಡಾ ಕಾರ್ಖಾನೆಯ ಹತ್ತಿರದ ಪಾದರಸದ ಬಗ್ಗೆ ಕಡಲ ವಿಜ್ಞಾನಿಗಳು 1990ರಲ್ಲೇ ಪ್ರಬಂಧ ಪ್ರಕಟಿಸಿದ್ದಾರೆ. ದೇಶದ ಕಾಸ್ಟಿಕ್ ಸೋಡಾ ಕಾರ್ಖಾನೆಗಳು ಪಾದರಸದ ಸೆಲ್ ಬಿಟ್ಟು ಪಾದರಸ ಬೇಡದ ಮೆಂಬ್ರೇನ್ ತಂತ್ರಕ್ಕೆ ಹೋದದ್ದು ಆಮೇಲೆ. ಆದರೆ ಕೆಸರಿಗೆ ಇಳಿದ ಪಾದರಸ ಕಾರ್ಖಾನೆಯ ಜೊತೆ ತಂತ್ರ ಬದಲಾಯಿಸುವುದಿಲ್ಲ, ಅಲ್ವಾ?

ಪರೀಕ್ಷೆಗೆ ಲ್ಯಾಬ್ ಇಲ್ಲ ಅನ್ನುವ ಹಾಗಿಲ್ಲ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಅಲ್ಲೇ ಇದೆ. ಯುರೋಪಿಗೆ ಹೋಗುವ ಬೊಂಡಾಸ್‌ನಲ್ಲಿ ಕ್ಯಾಡ್ಮಿಯಂ ಹೆಚ್ಚಿದ್ದರೆ ಕಂಟೇನರ್ ವಾಪಸ್ ಬರುತ್ತದೆ ಅಂತ ರಫ್ತುದಾರರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ರಫ್ತಿನ ಮೀನಿಗೆ ಪರೀಕ್ಷೆಯ ವ್ಯವಸ್ಥೆ ಇದೆ. ಸ್ಪೇನ್‌ನವರ ತಟ್ಟೆಗೆ ಹೋಗುವ ಮೀನಿಗೆ ಸರ್ಟಿಫಿಕೇಟ್, ನಮ್ಮ ತಟ್ಟೆಯ ಮೀನಿಗೆ ಬರೀ ನಂಬಿಕೆ. 2018ರಲ್ಲಿ, ಮೀನು ಕೆಡದ ಹಾಗೆ ಹಾಕುವ ಫಾರ್ಮಲಿನ್‌ನ ಗಲಾಟೆಯಾದಾಗ ಕೇರಳ, ಗೋವಾ ಸರ್ಕಾರಗಳು ಗಡಿಯಲ್ಲಿ ಲಾರಿ ನಿಲ್ಲಿಸಿ ನೋಡಿದವು. ಫಾರ್ಮಲಿನ್ ಯಾರೋ ಹಾಕುವುದು, ಸಿಕ್ಕಿಬಿದ್ದರೆ ಸುದ್ದಿಯಾಗುತ್ತದೆ. ಪಾದರಸವನ್ನು ಯಾರೂ ಹಾಕುವುದಿಲ್ಲ. ಅದಕ್ಕೆ ಗಲಾಟೆಯೂ ಇಲ್ಲ.

ನನ್ನ ಮನವಿ ದೊಡ್ಡದಲ್ಲ. ಕಾರವಾರ, ಹೊನ್ನಾವರ, ಗಂಗೊಳ್ಳಿ, ಮಲ್ಪೆ, ಮಂಗಳೂರಿನ ಮೀನಿನ ಧಕ್ಕೆಗಳಿಂದ (ಬಂದರುಗಳಿಂದ) ಮಾದರಿ ತೆಗೆಯಿರಿ. ಜನ ಹೆಚ್ಚಾಗಿ ತಿನ್ನುವ ಹತ್ತು ಹನ್ನೆರಡು ಜಾತಿ ಸಾಕು. ಬೂತಾಯಿ, ಬಂಗುಡೆ, ಕೊಲ್ಲತ್ತರು, ಅಂಜಲ್, ಕೇದರ, ತಾಟೆ, ತೊರಕೆ, ಮುರು, ಪಾಂಬೋಲು, ಬೊಂಡಾಸ್, ಹೀಗೆ. ಮೀನಿನ ತೂಕವನ್ನೂ ಬರೆದುಕೊಳ್ಳಿ, ತೂಕ ಇಲ್ಲದ ಅಂಕಿಯಿಂದ ಪ್ರಯೋಜನ ಕಡಿಮೆ. ಬಂದ ಫಲಿತಾಂಶವನ್ನು ಪಿಡಿಎಫ್ ಮಾಡಿ ಇಂಗ್ಲಿಷ್ ವೆಬ್‌ಸೈಟ್‌ನ ಮೂಲೆಯಲ್ಲಿ ಇಡಬೇಡಿ. ಮಾರ್ಕೆಟ್‌ನಲ್ಲಿ ಬೋರ್ಡ್ ಹಾಕಿ, ಮೀನಿನ ಚಿತ್ರದ ಜೊತೆ. ಕನ್ನಡ, ತುಳು, ಕೊಂಕಣಿ ಹೆಸರುಗಳು ಮೂರೂ ಇರಲಿ. ಒಂದೇ ಮೀನಿಗೆ ಮಂಗಳೂರಿನಲ್ಲಿ ಒಂದು ಹೆಸರು, ಕುಂದಾಪುರದಲ್ಲಿ ಇನ್ನೊಂದು, ಕಾರವಾರದಲ್ಲಿ ಮತ್ತೊಂದು.

ಆರೋಗ್ಯ ಇಲಾಖೆಯ ಜೊತೆ ಮಾತಾಡಿ ತಾಯಿ ಕಾರ್ಡ್‌ನಲ್ಲಿ ಮೀನಿಗೆ ಅರ್ಧ ಪುಟ ಕೊಡಿಸಿ. ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಡಿ. ಆದರೆ ಕಾರ್ಡ್ ಒಂದರಿಂದಲೇ ಆಗುವುದಿಲ್ಲ. ಮನುಷ್ಯನ ಮೈಯಿಂದ ಅರ್ಧದಷ್ಟು ಮಿಥೈಲ್ ಪಾದರಸ ಹೊರಗೆ ಹೋಗಲು ಸುಮಾರು 50 ದಿನ ಬೇಕು. ಕಾರ್ಡ್ ಕೈಗೆ ಬರುವ ಹೊತ್ತಿಗೆ ಬಸುರಿಗೆ ಎರಡು ಮೂರು ತಿಂಗಳಾಗಿರುತ್ತದೆ. ಹಿಂದಿನ ತಿಂಗಳುಗಳಲ್ಲಿ ತಿಂದದ್ದು ಆಗಲೂ ಮೈಯಲ್ಲಿರುತ್ತದೆ. ಮದುವೆಯಾದ ಹೊಸತರಲ್ಲೇ ಗೊತ್ತಾಗಬೇಕಾದ ಸಂಗತಿ ಇದು. ಅದಕ್ಕೇ ಮಾರ್ಕೆಟ್‌ನ ಬೋರ್ಡ್ ಬೇಕು ಅನ್ನುತ್ತಿರುವುದು.

ಮೀನುಗಾರರ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ ಅನ್ನುವ ಮಾತು ಬಂದೇ ಬರುತ್ತದೆ. ನನ್ನ ಮನೆಯ ಸುತ್ತ ಇರುವವರೂ ಅವರೇ, ನನಗೂ ಆ ಚಿಂತೆ ಇದೆ. ಆದರೆ ಈ ಪಟ್ಟಿಯಲ್ಲಿ ಗೆಲ್ಲುವುದು ಬೂತಾಯಿ, ಬಂಗುಡೆ. ಕೈರಂಪಣಿ ಬಲೆಯವರು, ನಾಡದೋಣಿಯವರಂಥ ಸಣ್ಣ ಮೀನುಗಾರರು ಹಿಡಿಯುವ ಮೀನುಗಳೂ ಹೆಚ್ಚಾಗಿ ಇವೇ. ಇವತ್ತು ರಾಶಿ ರಾಶಿ ಬೂತಾಯಿ ಉಳ್ಳಾಲ, ಮಲ್ಪೆ ಕಡೆಯ ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಹಿಟ್ಟು, ಎಣ್ಣೆ ಆಗುತ್ತಿದೆ. ಮನುಷ್ಯರು ತಿನ್ನಬಹುದಾದ ಅತ್ಯಂತ ಶುದ್ಧ ಮೀನನ್ನು ಸಿಗಡಿ ಕೊಳಕ್ಕೆ, ಕೋಳಿಗೆ ಹಾಕಿ, ಬಸುರಿಗೆ ದುಡ್ಡು ಜಾಸ್ತಿ ಕೊಟ್ಟು ಪಾದರಸದ ಮೀನು ತರುತ್ತಿದ್ದೇವೆ. ಇದಕ್ಕಿಂತ ಹುಚ್ಚು ವ್ಯಾಪಾರ ನನಗೆ ಗೊತ್ತಿಲ್ಲ. ಅಂಜಲ್ ಬೇಡ ಅಂತಲೂ ನಾನು ಹೇಳುತ್ತಿಲ್ಲ. ಗಂಡಸರು, ವಯಸ್ಸಾದವರು ತಿಂಗಳಿಗೆ ಕೆಲವು ಸಲ ತಿಂದರೆ ಹೆದರುವಂಥದ್ದೇನಿಲ್ಲ. ಬಸುರಿಯರು, ಬಸುರಿಯಾಗಬೇಕು ಅಂದುಕೊಂಡವರು, ಸಣ್ಣ ಮಕ್ಕಳು, ಇವರಿಗೆ ಮಾತ್ರ ಬೇರೆ ಲೆಕ್ಕ.

ಪಾದರಸದ ಬಗ್ಗೆ ಮಿನಮಾಟಾದ ಹೆಸರಿನಲ್ಲೇ ಇರುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2018ರಲ್ಲಿ ಅನುಮೋದನೆ ಕೊಟ್ಟಿದೆ. ಜನರಿಗೆ ಮಾಹಿತಿ ಕೊಡುವುದೂ ಆ ಒಪ್ಪಂದದ ಭಾಗವೇ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆ ಎರಡು ತಿಂಗಳಲ್ಲಿ ಲ್ಯಾಬ್‌ಗಳ ಜೊತೆ ಮಾತುಕತೆ, ಮಾದರಿ ತೆಗೆಯುವ ಪಟ್ಟಿ, ಬೋರ್ಡ್‌ನ ನಮೂನೆ ಎಲ್ಲಾ ಮುಗಿಸಬಹುದು. ಆಗಸ್ಟ್‌ನಲ್ಲಿ ಮೊದಲ ಬೋಟು ಧಕ್ಕೆಗೆ ಬಂದ ದಿನವೇ ಮಾದರಿ ತೆಗೆಯಲು ಶುರು ಮಾಡಬಹುದು. ಬೋರ್ಡ್‌ಗೆ ಮೀನಿನ ಹೆಸರುಗಳ ಪಟ್ಟಿ ಮಾಡಿಕೊಡುವ ಕೆಲಸಕ್ಕೆ ನಮ್ಮ ಕಾಲೇಜಿನ ಮಕ್ಕಳನ್ನು ನಾನು ಕಳಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಜೀವಶಾಸ್ತ್ರದ ಒಬ್ಬ ಉಪನ್ಯಾಸಕಿ
ಉಡುಪಿ ಜಿಲ್ಲೆ